ಫಿಲ್ಟರ್ ಒಪ್ಪದ ಹುಲಿಗೆವ್ವ

ಹುಲಿಗೆವ್ವನವರಿಗೆ ಅರ್ಧ ಮಾತು ಸಹ್ಯವಾಗುತ್ತಿರಲಿಲ್ಲ. ‘ಫೈಲು ಬಂತು’ ಎಂದು ಯಾರಾದರೂ ಬಾಗಿಲಲ್ಲೇ ಕೂಗಿ ಹೋದರೆ, ಹೋದವರ ಬೆನ್ನಿಗೆ ತಾಗುವ ಹಾಗೆ ‘ಯಾತರದ್ರೀ?’ ಎನ್ನುವರು, ‘ಸಾಯಂಕಾಲ ಬರ್ತಾರಂತೆ’ ಎಂದರೆ ‘ಯಾರ್ರೀ?’ ಎನ್ನುವರು, ಉತ್ತರ ಸಿಗುವ ತನಕ ಅದೇ ಪ್ರಶ್ನೆಯನ್ನು ಅದೇ ಸ್ವರದಲ್ಲಿ, ಏರಿಸದೆ, ಇಳಿಸದೆ, ಕೋಪದ ಲವಲೇಶವೂ ಇಲ್ಲದೆ ಮತ್ತೆ ಮತ್ತೆ ಇಡುವರು. ಅವರ ಈ ಸ್ವಭಾವವನ್ನು ಕಚೇರಿಯಲ್ಲಿ ಕೆಲವರು ಕುರುಡುತನದ ಫಲವೆಂದು ತಿಳಿದು ಕನಿಕರಪಡುತ್ತಿದ್ದರು, ಕೆಲವರು ಕೊಪ್ಪಳ ಸೀಮೆಯ ಒರಟುತನವೆಂದು ತಿಳಿದು ನಗುತ್ತಿದ್ದರು. ಎರಡೂ ತಪ್ಪೆಂದು ತಿಳಿಯಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು, ಮತ್ತು ಅದಕ್ಕೆ ನಾನೇ ಒಂದು ತಪ್ಪು ಮಾಡಬೇಕಾಯಿತು.

ನಾನು ಆ ಕಚೇರಿ ಸೇರಿದ್ದು ಎರಡು ಸಾವಿರದ ಎರಡರ ಶ್ರಾವಣದಲ್ಲಿ. ಬನಶಂಕರಿ ಎರಡನೆಯ ಹಂತದಲ್ಲಿ, ಕೆಳಗೆ ಮನೆಯವರು ವಾಸವಿದ್ದು ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದ ಕಟ್ಟಡ; ಒಟ್ಟು ಹನ್ನೊಂದು ಜನ. ಕಾರ್ಖಾನೆಯೊಂದರ ಯೋಜನಾ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದು ಹೊರಬಂದ ಜಯದೇವಪ್ಪನವರು ಅದರ ಮಾಲೀಕರು. ‘ಸರತಿ’ ಎಂಬ ತಂತ್ರಾಂಶ ಅವರ ಕನಸು ಮತ್ತು ನಮ್ಮೆಲ್ಲರ ಅನ್ನ. ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡಿ ಇಟ್ಟುಕೊಳ್ಳುವ ಸಲಕರಣೆ ಅದು. ಮುದ್ರಣಾಲಯದವರು, ಕಟ್ಟಡದ ಗುತ್ತಿಗೆದಾರರು, ನರ್ಸಿಂಗ್ ಹೋಮಿನವರು ಕೊಳ್ಳುತ್ತಿದ್ದರು. ಮೊದಲು ಪ್ರೆಸ್ಸೊಂದರಲ್ಲಿ ಕರಡು ತಿದ್ದುತ್ತಿದ್ದ ನನ್ನನ್ನು ಅದರ ಕೈಪಿಡಿ ಬರೆಯಲು ಕರೆದುಕೊಂಡಿದ್ದರು. ಹುಲಿಗೆವ್ವನವರು ನನಗಿಂತ ಮೂರು ವರ್ಷ ಮೊದಲೇ ಬಂದ ಟೆಲಿಫೋನ್ ಆಪರೇಟರ್.

ಮೂವತ್ತೆಂಟರ ಆಸುಪಾಸಿನ, ಎತ್ತರದ, ಎಲುಬು ಗಟ್ಟಿಯಾದ ಹೆಂಗಸು. ಒಂಬತ್ತನೆಯ ವಯಸ್ಸಿನಲ್ಲಿ ಜ್ವರದಿಂದ ಕಣ್ಣು ಹೋಗಿತ್ತು. ಕಚೇರಿಯ ಒಳಗೆ ಬಿಳಿಕೋಲನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಬಲ ಮೊಣಕೈಯನ್ನು ತುಸು ಮುಂದೆ ಚಾಚಿ, ಕತ್ತನ್ನು ಎಡಕ್ಕೆ ವಾಲಿಸಿ, ನಮಗಿಂತ ವೇಗವಾಗಿ ನಡೆಯುತ್ತಿದ್ದರು. ಕುರ್ಚಿಯನ್ನು ದಾರಿಯಲ್ಲಿ ಬಿಟ್ಟವನಿಗೆ ಆ ಮೊಣಕೈ ಪಾಠ ಕಲಿಸುತ್ತಿತ್ತು. ಸೀರೆಯ ಮೇಲೆ ವರ್ಷವಿಡೀ ಗಂಡಸರ ಕಂದು ಉಣ್ಣೆಯ ಕೋಟು. ಜಯನಗರ ನಾಲ್ಕನೆಯ ಬ್ಲಾಕಿನ ಪಾದಚಾರಿ ದಾರಿಯಲ್ಲಿ ತಾವೇ ಬಟ್ಟೆ ಹಿಡಿದು ನೋಡಿ ಕೊಂಡದ್ದು. ಚಳಿಗಿಂತ ಹೆಚ್ಚಾಗಿ ಅದರ ಜೇಬುಗಳಿಗಾಗಿ ಅದನ್ನು ಧರಿಸುತ್ತಿದ್ದರು. ಎಡ ಜೇಬಿನಲ್ಲಿ ಬ್ರೈಲ್ ಚುಕ್ಕೆಲಿಪಿ ಬರೆಯುವ ಪಟ್ಟಿ ಮತ್ತು ಮೊನೆಯ ಕಡ್ಡಿ, ಬಲ ಜೇಬಿನಲ್ಲಿ ಹಳೆಯ ಮದುವೆ ಕರೆಯೋಲೆಗಳು. ಆ ದಪ್ಪ ಕಾಗದದ ಮೇಲೆ ಚುಚ್ಚಿದ ಚುಕ್ಕೆಗಳು ಬೇಗ ಸವೆಯುವುದಿಲ್ಲವೆಂದು ಕಚೇರಿಯವರೆಲ್ಲರ ಮನೆಯ ಕರೆಯೋಲೆಗಳನ್ನು ಕೇಳಿ ಪಡೆಯುತ್ತಿದ್ದರು.

ಹೆಸರಿನ ವಿಷಯದಲ್ಲಿ ಅವರ ಹಟವನ್ನು ನಾನು ಕೇಳಿ ತಿಳಿದಿದ್ದೆ. ಸೇರಿದ ಹೊಸತರಲ್ಲಿ ಜಯದೇವಪ್ಪನವರು ಅವರನ್ನು ಕರೆದು, ‘ನಿಮ್ಮ ಹೆಸರು ಗಿರಾಕಿಗಳ ಬಾಯಲ್ಲಿ ತಿರುಗಲ್ಲಮ್ಮ, ಫೋನಲ್ಲಿ ಹೇಮಾ ಅಂತ ಹೇಳ್ಕೊಳ್ಳಿ’ ಎಂದರಂತೆ. ಹುಲಿಗೆವ್ವನವರು, ‘ಹೇಮಾಗ ಫೋನ್ ಬಂದ್ರ ನಾ ಹೆಂಗ ತಗೊಳ್ಳಲ್ರಿ? ನಾ ಹುಲಿಗೆವ್ವ’ ಎಂದರಂತೆ. ಅಂದಿನಿಂದ ಪ್ರತಿ ಕರೆಗೂ ಅವರ ಮೊದಲ ಮಾತು ಒಂದೇ: ‘ಹುಲಿಗೆವ್ವ ಮಾತಾಡ್ತೀನ್ರಿ.’ ಎರಡು ತಿಂಗಳಲ್ಲಿ ಗಿರಾಕಿಗಳು ಕಂಪನಿಯ ಹೆಸರು ಮರೆತು, ಆ ಹೆಸರನ್ನೇ ಕೇಳಿಕೊಂಡು ಫೋನ್ ಮಾಡತೊಡಗಿದರು.

ಈಗ ಆ ಪಟ್ಟಿಯ ವಿಚಾರ ಹೇಳಬೇಕು. ‘ಸರತಿ’ಯಲ್ಲಿ ಒಂದು ದೊಡ್ಡ ಕೆಲಸದ ಕೆಳಗೆ ಅದರ ಸಣ್ಣ ಕೆಲಸಗಳು, ಸಣ್ಣ ಕೆಲಸದ ಕೆಳಗೆ ಇನ್ನೂ ಸಣ್ಣವು, ಹೀಗೆ ಸಾಲುಗಳು ಒಳಕ್ಕೆ ಒಳಕ್ಕೆ ಸರಿದು ನಿಲ್ಲುತ್ತಿದ್ದವು. ‘ರಾಮಕ್ಕನ ಮನೆ’ ಎಂಬುದು ಮೇಲಿನ ಸಾಲಾದರೆ, ‘ಅಡುಗೆಮನೆ’ ಅದರ ಕೆಳಗೆ, ‘ಟೈಲ್ಸ್ ತರಿಸುವುದು’ ಅದರ ಕೆಳಗೆ. ಪಟ್ಟಿ ಉದ್ದವಾದಾಗ ಜರಡಿ ಹಿಡಿಯಲು ಒಂದು ಗುಂಡಿ ಇತ್ತು. ‘ಇಂದು ಮಾಡಬೇಕಾದವು’ ಎಂದು ಒತ್ತಿದರೆ ಇಂದಿನ ಸಾಲುಗಳು ಮಾತ್ರ ಉಳಿದು ಮಿಕ್ಕವೆಲ್ಲ ಮಾಯ. ಇದಕ್ಕೆ ಫಿಲ್ಟರ್ ಎಂದು ಹೆಸರು. ಇದನ್ನು ಬರೆದವನು ತಿರುಮಲೇಶ, ಉತ್ತರಹಳ್ಳಿಯ ಹುಡುಗ, ಚುರುಕು ಬುದ್ಧಿ, ತನ್ನ ಕೆಲಸದ ಬಗ್ಗೆ ನ್ಯಾಯವಾದ ಅಭಿಮಾನ. ಆದರೆ ಅವನ ಫಿಲ್ಟರ್ ‘ಟೈಲ್ಸ್ ತರಿಸುವುದು’ ಎಂಬ ಸಾಲನ್ನು ಉಳಿಸಿ, ಇಂದಿನ ದಿನಾಂಕವಿಲ್ಲದ ‘ರಾಮಕ್ಕನ ಮನೆ’ಯನ್ನೂ ‘ಅಡುಗೆಮನೆ’ಯನ್ನೂ ಒರೆಸಿ ಹಾಕುತ್ತಿತ್ತು. ಯಾರ ಮನೆಗೆ ಟೈಲ್ಸ್ ಎಂಬುದು ನೋಡುವವನ ನೆನಪಿಗೆ ಬಿಟ್ಟ ವಿಷಯ. ನಾನು ಕೈಪಿಡಿಯಲ್ಲಿ, ನನ್ನ ಅತ್ಯುತ್ತಮ ಶೈಲಿಯಲ್ಲಿ, ‘ಫಿಲ್ಟರ್ ಅನಗತ್ಯವಾದುದೆಲ್ಲವನ್ನೂ ನಿವಾರಿಸಿ, ಅಗತ್ಯವಾದುದನ್ನಷ್ಟೇ ನಿಮ್ಮ ಮುಂದಿಡುತ್ತದೆ’ ಎಂದು ಬರೆದಿದ್ದೆ.

ಕಚೇರಿಯ ದಿನನಿತ್ಯದ ಕೆಲಸಗಳೂ ಅದೇ ‘ಸರತಿ’ಯಲ್ಲಿದ್ದವು, ಅವುಗಳಲ್ಲಿ ಫೋನಿನಿಂದ ಆಗುವಂಥವನ್ನೆಲ್ಲ ಹುಲಿಗೆವ್ವನವರು ನೋಡಿಕೊಳ್ಳುತ್ತಿದ್ದರು. ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿಹೇಳುವ ಒಂದು ತಂತ್ರಾಂಶ ಅವರ ಕಂಪ್ಯೂಟರಿನಲ್ಲಿತ್ತು. ಇಡೀ ಪಟ್ಟಿ ನಾನೂರು ಸಾಲು ಮೀರಿತ್ತು. ನಾವು ಕಣ್ಣಾಡಿಸಿ ಹುಡುಕುವುದನ್ನು ಅವರು ಒಂದೊಂದು ಸಾಲಾಗಿ ಕೇಳಿ ಹುಡುಕಬೇಕು, ನಡುವೆ ಹತ್ತು ಸಲ ಫೋನ್ ಎತ್ತಬೇಕು. ಆದ್ದರಿಂದ ಫಿಲ್ಟರ್ ಒತ್ತದೆ ಅವರಿಗೆ ಗತಿಯಿರಲಿಲ್ಲ.

ಎರಡು ಸಾವಿರದ ಮೂರರ ಜನವರಿಯಲ್ಲಿ ‘ಸರತಿ’ಯ ಎರಡನೆಯ ಆವೃತ್ತಿಯ ಬಿಡುಗಡೆ ಸಮಾರಂಭ ನಿಶ್ಚಯವಾಯಿತು. ಉತ್ತರಹಳ್ಳಿಯಲ್ಲೊಂದು, ಜಯನಗರದಲ್ಲೊಂದು, ಎರಡು ಸಭಾಂಗಣಗಳನ್ನು ಜಯದೇವಪ್ಪನವರು ಹಿಡಿದಿಟ್ಟಿದ್ದರು. ಒಂದು ದಿನ ಜಯನಗರದ್ದು ತೀರ ದೊಡ್ಡದಾಯಿತು ಎನ್ನುವರು, ಮರುದಿನ ಉತ್ತರಹಳ್ಳಿ ದೂರವಾಯಿತು ಎನ್ನುವರು. ಕೊನೆಗೆ ಹುಬ್ಬಳ್ಳಿಯ ರೈಲು ಹತ್ತುವ ಮುನ್ನ ತಮ್ಮ ತೀರ್ಮಾನವನ್ನು ಪಟ್ಟಿಯಲ್ಲಿ ಹಾಕಿ ಹೊರಟರು. ಬೆಳಿಗ್ಗೆ ಹುಲಿಗೆವ್ವನವರು ಫಿಲ್ಟರ್ ಒತ್ತಿದಾಗ ಕೇಳಿಸಿದ್ದು ಇಷ್ಟೇ: ‘ಬುಕಿಂಗ್ ಕ್ಯಾನ್ಸಲ್ ಮಾಡುವುದು. ಬುಕಿಂಗ್ ಪಕ್ಕಾ ಮಾಡುವುದು.’ ಜಯದೇವಪ್ಪನವರ ಮೊಬೈಲು ಸಿಗಲಿಲ್ಲ. ಹುಲಿಗೆವ್ವನವರು ನನ್ನ ಮೇಜಿನ ಹತ್ತಿರ ಬಂದು ನಿಂತರು.

‘ಸರ, ಕ್ಯಾನ್ಸಲ್ ಅಂತ ಐತಿ. ಯಾತರದ್ರೀ? ಉತ್ತರಹಳ್ಳಿದೋ, ಜಯನಗರದ್ದೋ?’

ನಾನು ನನ್ನ ಪರದೆಯಲ್ಲೂ ಫಿಲ್ಟರ್ ಒತ್ತಿದೆ. ಅವರಿಗೆ ಕೇಳಿಸಿದ ಎರಡು ಸಾಲುಗಳೇ ನನಗೂ ಕಂಡವು. ಫಿಲ್ಟರ್ ತೆಗೆದು ಇಡೀ ಪಟ್ಟಿಯನ್ನು ಕೆಳಗೆ ಜಗ್ಗಿದ್ದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು. ಬರೆಯುತ್ತಿದ್ದ ವಾಕ್ಯ ಕೈತಪ್ಪೀತೆಂಬ ಅವಸರದಲ್ಲಿ, ‘ಜಯನಗರದ್ದೇ ಇರ್ಬೇಕು ಮೇಡಂ, ದೊಡ್ಡದಾಯ್ತು ಅಂತಿದ್ರಲ್ಲ’ ಎಂದೆ.

‘ಇರಬೇಕೋ, ಐತೋ?’

‘ಅದೇ ಮೇಡಂ, ಜಯನಗರದ್ದೇ.’

ಅವರು ಹೋಗಿ ಜಯನಗರದ್ದನ್ನು ಬಿಡಿಸಿದರು, ಉತ್ತರಹಳ್ಳಿಯದನ್ನು ಗಟ್ಟಿ ಮಾಡಿದರು. ಜಯದೇವಪ್ಪನವರು ಊರಿನಿಂದ ಬಂದು ತಾವೇ ಆಮಂತ್ರಣ ಅಚ್ಚು ಹಾಕಿಸಿ ಹಂಚಿದರು. ನನ್ನ ಮೇಜಿಗೂ ಒಂದು ಬಂತು. ಸ್ಥಳ ಜಯನಗರ ಎಂದು ಓದಿದೆ, ಕಾಗುಣಿತ ಸರಿಯಿದೆಯೇ ನೋಡಿದೆ, ಕೆಳಗಿಟ್ಟೆ. ನಾನಾಡಿದ ಮಾತು ನನಗೆ ನೆನಪಾಗಲೇ ಇಲ್ಲ.

ಸಮಾರಂಭದ ಸಂಜೆ ಜಯನಗರದ ಆ ಸಭಾಂಗಣದಲ್ಲಿ ಬೇರೆ ಯಾರದೋ ನಾಮಕರಣ ನಡೆದಿತ್ತು. ನಮ್ಮ ಎಪ್ಪತ್ತು ಅತಿಥಿಗಳು, ಕೈಯಲ್ಲಿ ಆಮಂತ್ರಣ ಹಿಡಿದು, ಹೂವಿನ ಕಮಾನಿನ ಹೊರಗೆ ಅರ್ಧ ಗಂಟೆ ನಿಂತು, ಒಬ್ಬೊಬ್ಬರಾಗಿ ಆಟೋ ಹಿಡಿದು ಹೊರಟುಹೋದರು. ಮರುದಿನ ಜಯದೇವಪ್ಪನವರು ಎಲ್ಲರನ್ನೂ ನಿಲ್ಲಿಸಿಕೊಂಡು, ‘ಯಾರು ಕ್ಯಾನ್ಸಲ್ ಮಾಡಿದ್ದು?’ ಎಂದರು.

‘ನಾನ್ರಿ’ ಎಂದರು ಹುಲಿಗೆವ್ವ.

‘ಯಾರನ್ನಾದ್ರೂ ಕೇಳ್ಬಾರ್ದಿತ್ತಾ?’

ಹುಲಿಗೆವ್ವನವರು ಕೇಳಿದ್ದು ನನ್ನನ್ನೇ ಎಂದು ನನಗೆ ಆಗ ನೆನಪಾಯಿತು. ಅವರು ನನ್ನ ಹೆಸರೆತ್ತಲಿಲ್ಲ. ‘ತಪ್ಪು ನಂದ ಐತ್ರಿ’ ಎಂದರು. ‘ಆದ್ರ ಆ ಫಿಲ್ಟರ್‌ದೂ ಐತಿ. ಅದನ್ನ ತಿದ್ದಾಕ ಬರಕೋರಿ.’

ಜಯದೇವಪ್ಪನವರು ಬರೆದುಕೊಳ್ಳಲಿಲ್ಲ. ‘ಇನ್ಮೇಲೆ ನೀವು ಫೋನ್ ಅಷ್ಟೇ ನೋಡ್ಕೊಳ್ಳಿ, ಪಟ್ಟಿ ಕೆಲ್ಸ ಬೇಡ’ ಎಂದರು. ಯುಗಾದಿಯ ಹೊತ್ತಿಗೆ, ತಾನೇ ಕರೆ ಎತ್ತಿ ತಾನೇ ಬೇಕಾದವರಿಗೆ ಜೋಡಿಸುವ ಹೊಸ ಫೋನ್ ಯಂತ್ರ ಬರುವುದೆಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಫೋನ್ ಅಷ್ಟೇ ಎಂದರೆ ಯುಗಾದಿಯ ತನಕ ಅಷ್ಟೇ. ನಾನು ತಲೆ ತಗ್ಗಿಸಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಹುಲಿಗೆವ್ವನವರು ಅಂದೇ ಮಧ್ಯಾಹ್ನ ತಿರುಮಲೇಶನ ಕುರ್ಚಿಯ ಪಕ್ಕಕ್ಕೆ ತಮ್ಮ ಕುರ್ಚಿ ಎಳೆದುಕೊಂಡು ಕೂತರು.

‘ಅಕ್ಕ, ಅದು ತಪ್ಪಲ್ಲ’ ಎಂದು ಅವನು ಸಮಾಧಾನವಾಗಿಯೇ ಹೇಳಿದ. ‘ಫಿಲ್ಟರ್ ಕೆಲ್ಸಾನೇ ಅದು. ಇವತ್ತಿಂದು ಕೇಳಿದ್ರೆ ಇವತ್ತಿಂದೇ ತೋರಿಸ್ಬೇಕು. ಬೇಕಿದ್ರೆ ಕೈಪಿಡಿ ನೋಡಿ.’ ಕೈಪಿಡಿಯನ್ನು ತೆಗೆದು ನನ್ನ ವಾಕ್ಯವನ್ನು ಅವರಿಗೆ ಓದಿ ಹೇಳಿದ. ಆ ವಾಕ್ಯ ಅಷ್ಟು ಅಸಹ್ಯವಾಗಿ ನನಗೆ ಹಿಂದೆಂದೂ ಕೇಳಿಸಿರಲಿಲ್ಲ.

‘ಅಗತ್ಯ ಯಾವುದು ಅಂತ ಯಾರು ಹೇಳಿದ್ರು?’ ಎಂದಷ್ಟೇ ಕೇಳಿ ಅವರು ಎದ್ದುಹೋದರು.

ಮುಂದಿನ ಆರು ವಾರ ಅವರು ಮಾಡಿದ್ದನ್ನು ನಾನು ದೂರದಿಂದ ನೋಡಿದೆ. ಗಿರಾಕಿಗಳ ದೂರಿನ ಕರೆಗಳು ಮೊದಲು ಅವರಿಗೇ ಬರುತ್ತಿದ್ದವು. ‘ಪಟ್ಟಿ ಸರಿಯಾಗಿ ತೋರಿಸ್ತಿಲ್ಲ’ ಎಂದವರಿಗೆ ಅಲ್ಲಿಯವರೆಗೆ ‘ಬಳಸಲು ಬರುವುದಿಲ್ಲ’ ಎಂಬ ಹಣೆಪಟ್ಟಿ ಹಚ್ಚಿ ನಾವು ಮರೆಯುತ್ತಿದ್ದೆವು. ಈಗ ಹುಲಿಗೆವ್ವನವರು ಪ್ರತಿಯೊಬ್ಬರನ್ನೂ ಹಿಡಿದು ಕೂರಿಸಿದರು. ಯಾವ ಗುಂಡಿ ಒತ್ತಿದಿರಿ, ಏನು ಉಳಿಯಿತು, ಏನು ಹೋಯಿತು, ಹೋದದ್ದರಿಂದ ಏನಾಯಿತು? ಸುಬ್ರಹ್ಮಣ್ಯಪುರದ ಮುದ್ರಕರೊಬ್ಬರು ಒಬ್ಬರ ಕರಡನ್ನು ಇನ್ನೊಬ್ಬರಿಗೆ ಕಳುಹಿಸಿದ್ದರು. ಗುತ್ತಿಗೆದಾರ ಕರೆಪ್ಪ ಎಂಬವರು ಒಂದು ಮನೆಯ ಕಿಟಕಿಗಳನ್ನು ಮತ್ತೊಂದು ಮನೆಯ ಮುಂದೆ ಇಳಿಸಿದ್ದರು. ಕಡ್ಡಿ ಹಿಡಿದು ಟಕಟಕನೆ ಕರೆಯೋಲೆಗಳ ಬೆನ್ನಿಗೆ ಚುಚ್ಚುವ ಸದ್ದು ದಿನವಿಡೀ. ಅವರ ಸ್ವರದಲ್ಲಿ ನೊಂದ ಸುಳಿವಾಗಲಿ ಸೇಡಿನ ಸುಳಿವಾಗಲಿ ಇರಲಿಲ್ಲ. ನೀರು ಬಿಡುವ ಮುನ್ನ ಕಾಲುವೆಯ ಕಸ ತೆಗೆಯುವವರ ಶ್ರದ್ಧೆಯಿತ್ತು.

ಮಾರ್ಚಿನ ಒಂದು ಬೆಳಿಗ್ಗೆ ಜಯದೇವಪ್ಪನವರು ಮೈಸೂರಿನಿಂದ ಫೋನ್ ಮಾಡಿದರು. ತಿರುಮಲೇಶ ಜ್ವರದಿಂದ ಮಲಗಿದ್ದ, ಉಳಿದವರು ಗಿರಾಕಿಗಳ ಕಡೆ ಹೋಗಿದ್ದರು. ಕಚೇರಿಯಲ್ಲಿ ನಾನು, ಹುಲಿಗೆವ್ವನವರು, ಇಬ್ಬರೇ. ಜಯದೇವಪ್ಪನವರಿಗೆ ಅವಸರವಿತ್ತು. ಇವತ್ತು ಏನೇನಿದೆ, ಬೇಗ ಓದಿ ಎಂದರು. ಹುಲಿಗೆವ್ವನವರು ಫೋನಿನ ಧ್ವನಿ ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿ, ಫಿಲ್ಟರ್ ಒತ್ತಿ, ಯಂತ್ರ ಹೇಳಿದ್ದನ್ನು ಹೇಳಿದಂತೆ ಒಪ್ಪಿಸಿದರು.

‘ಕಳುಹಿಸುವುದು. ಸಹಿ ಮಾಡಿಸುವುದು. ದಿನಾಂಕ ಕೇಳುವುದು. ಕಳುಹಿಸುವುದು.’

‘ಏನು ಕಳ್ಸೋದು?’

‘ಗೊತ್ತಿಲ್ರಿ.’

‘ಯಾರ ದಿನಾಂಕ?’

‘ಪಟ್ಟ್ಯಾಗ ಇಷ್ಟ ಐತ್ರಿ.’

‘ರೀ, ನಾನು ಗಿರಾಕಿ ಎದುರಿಗೆ ನಿಂತಿದೀನಿ! ಕಣ್ಣಿರೋರು ಯಾರಿದಾರೆ, ಅವ್ರಿಗೆ ಕೊಡಿ.’

ಹುಲಿಗೆವ್ವನವರ ಮುಖದ ಒಂದು ಸ್ನಾಯುವೂ ಅಲುಗಲಿಲ್ಲ. ನನ್ನ ಕಡೆ ತಿರುಗಿ ರಿಸೀವರ್ ಚಾಚಿದರು. ನಾನು ಅವರ ಪರದೆಯ ಮುಂದೆ ಬಾಗಿ, ಎರಡು ಆರೋಗ್ಯವಂತ ಕಣ್ಣುಗಳಿಂದ ಓದಿದೆ: ‘ಕಳುಹಿಸುವುದು. ಸಹಿ ಮಾಡಿಸುವುದು. ದಿನಾಂಕ ಕೇಳುವುದು. ಕಳುಹಿಸುವುದು.’ ಓದಿ ಮುಗಿಸಿದಾಗ ನನಗೆ ಇದ್ದಕ್ಕಿದ್ದಂತೆ ಧೈರ್ಯ ಬಂತೋ, ಇಷ್ಟು ದಿನದ ಹೇಡಿತನ ಭಾರವಾಯಿತೋ ಹೇಳಲಾರೆ. ‘ಸಾರ್, ಆವತ್ತು ಇವರು ನನ್ನ ಕೇಳಿದ್ರು. ಜಯನಗರದ್ದು ಕ್ಯಾನ್ಸಲ್ ಅಂತ ಹೇಳಿದ್ದು ನಾನು. ನನಗೂ ಪಟ್ಟೀಲಿ ಕಂಡಿರ್ಲಿಲ್ಲ, ಊಹೆ ಮೇಲೆ ಹೇಳ್ಬಿಟ್ಟೆ’ ಎಂದೆ.

‘ನಾಳೆ ಬರ್ತೀನಿ’ ಎಂದು ಜಯದೇವಪ್ಪನವರು ಫೋನ್ ಇಟ್ಟರು.

ಹುಲಿಗೆವ್ವನವರು ಕೋಟಿನ ತೋಳು ಸರಿಮಾಡಿಕೊಂಡರು. ‘ಹೇಳ್ತೀರಂತ ಗೊತ್ತಿತ್ರಿ. ಇಷ್ಟ ದಿನ ಹಿಡಿತೈತಂತ ಗೊತ್ತಿರಲಿಲ್ಲ.’

‘ನೀವೇ ನನ್ನ ಹೆಸರು ಹೇಳಬಹುದಿತ್ತಲ್ಲ ಮೇಡಂ’ ಎಂದೆ.

‘ಹೇಳಿದ್ರ ಏನಾಗ್ತಿತ್ತ್ರಿ? ಎಲ್ರೂ ನಿಮ್ಮನ್ನ ಬೈದು ಸುಮ್ನಾಗ್ತಿದ್ರು. ಫಿಲ್ಟರ್ ಹಂಗ ಉಳೀತಿತ್ತು.’

ಇಷ್ಟು ದಿನ ಅದನ್ನು ಔದಾರ್ಯವೆಂದು ತಿಳಿದು ನಾನು ಒಳಗೊಳಗೇ ಕುಗ್ಗಿದ್ದೆ. ಅವರ ಲೆಕ್ಕದಲ್ಲಿ ನಾನು ಅಷ್ಟು ದೊಡ್ಡವನೇ ಆಗಿರಲಿಲ್ಲ; ಅವರ ಗುರಿ ಬೇರೆಯೇ ಇತ್ತು.

ಎರಡು ದಿನ ಕಳೆದು, ತಿರುಮಲೇಶ ಎದ್ದು ಬಂದ ಮೇಲೆ ಸಭೆ ಸೇರಿತು. ಹುಲಿಗೆವ್ವನವರು ಮೂವತ್ತೊಂದು ಕರೆಯೋಲೆಗಳನ್ನು ಮೇಜಿನ ಮೇಲಿಟ್ಟು, ಒಂದೊಂದನ್ನೇ ಬೆರಳಿನಿಂದ ಓದಿದರು. ಗಿರಾಕಿಯ ಹೆಸರು, ಊರು, ಒತ್ತಿದ ಗುಂಡಿ, ಹೋದ ಸಾಲು, ಆದ ನಷ್ಟ. ಹನ್ನೆರಡನೆಯ ಕಾರ್ಡಿನ ಹೊತ್ತಿಗೆ ಜಯದೇವಪ್ಪನವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅಷ್ಟರಲ್ಲೇ ಅವರಿಗೆ ವಿಷಯ ಮನವರಿಕೆಯಾಗಿತ್ತು, ಆದರೂ ‘ಪೂರ್ತಿ ಓದಲಿ’ ಎಂದರು.

ತಿರುಮಲೇಶ ಸುಲಭವಾಗಿ ಸೋಲುವವನಲ್ಲ, ಅವನ ಆಕ್ಷೇಪಣೆಯೂ ಪೊಳ್ಳಲ್ಲ. ‘ಅಕ್ಕ, ಮೇಲಿನ ಸಾಲೆಲ್ಲಾ ತೋರಿಸ್ತಾ ಹೋದ್ರೆ ಇವತ್ತಿಗೆ ಮೂರೇ ಕೆಲ್ಸ ಇದ್ರೂ ಒಂಬತ್ತು ಸಾಲು ಕಾಣುತ್ತೆ. ಜನ ಬೈತಾರೆ.’

‘ಮೂರ ಅಂತ ಎಣಸಪ್ಪ. ಉಳಿದ ಆರು ಅವುಗಳ ಮನಿ ಹೆಸರು. ಯಾರಾದ್ರೂ ಮನಿ ಹೆಸರು ಎಣಸ್ತಾರೇನು? ಅವನ್ನ ತೆಳ್ಳಗ ತೋರಿಸು. ಎರಡು ಕೆಲಸ ಒಂದ ಮನ್ಯಾಗಿನವಾದ್ರ ಹೆಸರು ಒಂದ ಸಲ ಸಾಕು.’

ಅವನು ಪೆನ್ನು ಹಲ್ಲಿನಲ್ಲಿ ಕಚ್ಚಿ ಯೋಚಿಸುತ್ತ ಕೂತ. ಆಮೇಲೆ, ‘ಇದು ಬರುತ್ತೆ’ ಎಂದ. ಸೋತವನ ದನಿಯಲ್ಲ, ಹೊಸ ಕೆಲಸ ಸಿಕ್ಕವನ ದನಿ.

ಆದರೆ ಆ ಕೆಲಸ ಸರಾಗವಾಗಿ ಮುಗಿಯಲಿಲ್ಲ. ಅವನು ತಿದ್ದಿ ತಂದುದನ್ನು ಹುಲಿಗೆವ್ವನವರು ಕಿವಿಗೊಟ್ಟು ಕೇಳಿ ‘ಇನ್ನೂ ಆಗಿಲ್ಲಪ್ಪ’ ಎನ್ನುವರು. ಹನ್ನೊಂದು ಸಲ ಹಾಗೆ ಹಿಂತಿರುಗಿಸಿದರು. ಒಮ್ಮೆ ಮೇಲಿನ ಸಾಲು ಬಂತು, ಅದರ ಮೇಲಿನದು ಬರಲಿಲ್ಲ. ಒಮ್ಮೆ ಎಲ್ಲವೂ ಬಂದವು, ಎಣಿಕೆ ತಪ್ಪಿತು. ಏಳನೆಯ ಸಲ, ಮುಗಿದ ಕೆಲಸಗಳನ್ನು ಮುಚ್ಚುವ ಗುಂಡಿ ಒತ್ತಿದಾಗ, ಮೇಲಿನ ಸಾಲು ಮುಗಿದಿದೆ ಎಂಬ ಗುರುತು ಬಿದ್ದಿದ್ದರಿಂದ ಅದರ ಕೆಳಗೆ ಇನ್ನೂ ಉಳಿದಿದ್ದ ಕೆಲಸವೂ ಅದರೊಂದಿಗೆ ಮುಚ್ಚಿಹೋಯಿತು. ‘ತಾಯಿ ಕೆಲಸ ಮುಗಸ್ಯಾಳಂತ ಅಂಗಳದಾಗ ಆಡೂ ಕೂಸಿನ್ನ ಹೊರಗ ಬಿಟ್ಟು ಬಾಗಲಾ ಹಾಕ್ತಾರೇನೋ?’ ಎಂದು ಗದರಿದರು. ಅವನು ಬೇಸತ್ತು ಟೀ ಕುಡಿಯಲು ಇಳಿದು ಹೋದ, ಅರ್ಧ ಗಂಟೆ ಬಿಟ್ಟು ತಾನೇ ಬಂದು, ‘ಅಕ್ಕ, ಅದು ಸರಿ. ಇನ್ನೊಂದ್ಸಲ ಹೇಳಿ’ ಎಂದು ಕೂತ. ಎದುರುಬದುರು ಕೂತು ಅವರಿಬ್ಬರೂ ಜಗಳವಾಡಿದ ಆ ಏಪ್ರಿಲಿನ ಮಧ್ಯಾಹ್ನಗಳಿಗಿಂತ ಹೆಚ್ಚು ಜೀವಂತವಾದ ದಿನಗಳನ್ನು ಆ ಮಹಡಿ ಕಾಣಲಿಲ್ಲ.

ಯುಗಾದಿಗೆ ಬರಬೇಕಿದ್ದ ಫೋನ್ ಯಂತ್ರ ಮೇ ತಿಂಗಳಲ್ಲಿ ಬಂತು, ತಿದ್ದಿದ ‘ಸರತಿ’ಯೂ ಅದೇ ತಿಂಗಳು ಹೊರಬಿತ್ತು. ಜಯದೇವಪ್ಪನವರು ಹುಲಿಗೆವ್ವನವರನ್ನು ಕರೆದು, ಇನ್ನು ಮುಂದೆ ಅವರು ಒಪ್ಪದೆ ಯಾವ ಆವೃತ್ತಿಯೂ ಹೊರಗೆ ಹೋಗಬಾರದು, ಅದೇ ಅವರ ಕೆಲಸ ಎಂದರು. ಕ್ಷಮೆ ಕೇಳಿದರೋ ಇಲ್ಲವೋ ನಾನರಿಯೆ; ಅಂದು ಅವರ ಕೋಣೆಯ ಬಾಗಿಲು ಮುಚ್ಚಿತ್ತು. ಹೊರಬಂದ ಹುಲಿಗೆವ್ವನವರು ಹೊಸ ಮೇಜು ಯಾವ ಗೋಡೆಗೆ, ಕಿಟಕಿ ಯಾವ ಕಡೆ ಎಂದು ಕೇಳಿ ತಿಳಿದು, ಮೊಣಕೈ ಮುಂದೆ ಮಾಡಿ ನಡೆದುಹೋದರು. ಕೈಪಿಡಿಯ ನನ್ನ ವಾಕ್ಯವನ್ನು ನಾನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಅವರನ್ನೇ ಕೇಳಿದಾಗ, ‘ಏನೇನು ಮುಚ್ಚತೈತಿ ಅದನ್ನ ಮೊದಲ ಬರೀರಿ’ ಎಂದರು. ಹಾಗೆಯೇ ಬರೆದೆ.

ನಾಲ್ಕು ವರ್ಷ ಅವರು ಆ ಮೇಜಿನಲ್ಲಿದ್ದರು. ಎರಡು ಸಾವಿರದ ಏಳರಲ್ಲಿ ಜಯದೇವಪ್ಪನವರು ವಯಸ್ಸಾಯಿತೆಂದು ಕಂಪನಿ ಮುಚ್ಚಿದರು. ತಿರುಮಲೇಶ ದೊಡ್ಡ ಕಂಪನಿ ಸೇರಿದ, ನಾನು ಪುನಃ ಕರಡು ತಿದ್ದಲು ಹೋದೆ. ಹುಲಿಗೆವ್ವನವರು ಜೆ.ಪಿ. ನಗರದಲ್ಲಿ ಕಣ್ಣಿಲ್ಲದ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಸಂಸ್ಥೆಗೆ ಸೇರಿದರು. ಒಮ್ಮೆ ಅಲ್ಲಿಗೆ ಹೋಗಿದ್ದೆ. ಹತ್ತು ಹುಡುಗಿಯರ ನಡುವೆ ನಿಂತು, ಒಬ್ಬಳು ‘ಆಯ್ತು ಮೇಡಂ’ ಎಂದುದಕ್ಕೆ, ಏನಾಯಿತು, ಹೇಗಾಯಿತು, ಆಗಿದೆಯೆಂದು ನಿನಗೆ ಹೇಗೆ ತಿಳಿಯಿತು ಎಂದು ವಿಚಾರಿಸುತ್ತಿದ್ದರು. ಹುಡುಗಿ ಬೇಸರಿಸದೆ ಮೊದಲಿನಿಂದ ಹೇಳತೊಡಗಿದಳು. ನಾನು ಬಂದದ್ದು ತಿಳಿದಿದ್ದರೂ ಅವಳು ಮುಗಿಸುವ ತನಕ ಅವರು ನನ್ನ ಕಡೆ ತಿರುಗಲಿಲ್ಲ.

ಇಂಥವರು ಯಾವ ಕಚೇರಿಯಲ್ಲೂ ಒಬ್ಬರಿಗಿಂತ ಹೆಚ್ಚು ಇರುವುದಿಲ್ಲ. ಆ ಒಬ್ಬರಿಂದಲೇ ಕೆಲಸ ನಿಧಾನವಾಗುತ್ತಿದೆ ಎಂದು ಉಳಿದವರೆಲ್ಲ ಗೊಣಗುತ್ತಿರುತ್ತಾರೆ. ಅವರು ಸಭೆಗಳಲ್ಲಿ ಮಿಂಚುವುದಿಲ್ಲ, ಬಡ್ತಿಯ ಪಟ್ಟಿಯಲ್ಲಿ ಮೊದಲಿಗರಾಗುವುದಿಲ್ಲ, ಅವರ ಜತೆ ಊಟಕ್ಕೆ ಕೂರಲು ಯಾರೂ ಹಾತೊರೆಯುವುದಿಲ್ಲ. ಅನ್ಯಾಯವಾದಾಗ ಅಳುವ ಬದಲು, ಅನ್ಯಾಯ ಎಲ್ಲಿಂದ ಬಂತೋ ಆ ಜಾಗವನ್ನು ಹುಡುಕಿಕೊಂಡು ಹೋಗುತ್ತಾರೆ. ಹಾಗೆ ಹೋಗುವಾಗ ತಮಗೆ ನೋವು ಮಾಡಿದವರನ್ನು ದಾರಿಯಲ್ಲೇ ಬಿಟ್ಟು ಮುಂದೆ ಸಾಗುತ್ತಾರೆ. ನಾವೋ, ಬದುಕಿನ ಬಹುಭಾಗವನ್ನು ‘ಇರಬಹುದು’ಗಳ ಮೇಲೆ ನಿಶ್ಚಿಂತೆಯಿಂದ ಕಟ್ಟಿಕೊಂಡು, ಅದನ್ನೇ ತಿಳಿವಳಿಕೆ ಎಂದುಕೊಂಡಿರುತ್ತೇವೆ. ಅಂಥವರೊಬ್ಬರು ಎದುರು ನಿಂತು ಒಂದು ಸರಳ ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಕಾಯುತ್ತ ನಿಲ್ಲುವ ತನಕ, ನಮಗೆ ಗೊತ್ತಿಲ್ಲ ಎಂಬುದೇ ನಮಗೆ ಗೊತ್ತಿರುವುದಿಲ್ಲ.